ಸಿಂಧನೂರಿನ ಗಂಗಾವತಿ ರಸ್ತೆಯ ಬಂಗಾಳಿ ಹೋಟೆಲ್‌: ಊಟ, ದರ, ಕೂರುವ ಜಾಗ

ಸಿಂಧನೂರಿನಿಂದ ಗಂಗಾವತಿಯ ಕಡೆಗೆ ಹೊರಡುವ ರಸ್ತೆಯಲ್ಲಿ, ರೈಸ್‌ ಮಿಲ್ಲುಗಳು ಕಾಣಿಸತೊಡಗುವ ಕಡೆ, ತಗಡಿನ ಚಾವಣಿಯ ಒಂದು ಊಟದ ಹೋಟೆಲ್‌ ಇದೆ. ಹೆಸರಿನ ಫಲಕವಿಲ್ಲ, ಬಂಗಾಳಿ ಹೋಟೆಲ್‌ ಎಂದರೆ ಆಟೊದವರು ನೇರವಾಗಿ ಅಲ್ಲಿಗೇ ಕರೆದೊಯ್ಯುತ್ತಾರೆ. ಒಂದೇ ಅಡುಗೆಮನೆಯಿಂದ ಜೋಳದ ರೊಟ್ಟಿಯ ಊಟವೂ ಸಾಸಿವೆ ಅರೆದು ಮಾಡಿದ ಮೀನಿನ ಊಟವೂ ಬರುವ ಇನ್ನೊಂದು ಹೋಟೆಲನ್ನು ನಮ್ಮ ಭಾಗದಲ್ಲಿ ನಾನು ಕಂಡಿಲ್ಲ. ರುಚಿ, ಶುಚಿ ಮತ್ತು ದರದ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ಹೋಟೆಲನ್ನು ಅಳೆಯುವುದಕ್ಕೆ ಇವುಗಳಷ್ಟೇ ಹಳೆಯದಾದ ಇನ್ನೊಂದು ಅಳತೆಯೂ ನಮ್ಮ ದೇಶದಲ್ಲಿದೆ: ಒಳಗೆ ಯಾರು ಬರಬಹುದು, ಬಂದವರು ಎಲ್ಲಿ ಕೂರಬಹುದು? ಸಂವಿಧಾನವನ್ನು ಬರೆದವರು ಈ ಪ್ರಶ್ನೆಯನ್ನು ಊಹೆಗೆ ಬಿಡಲಿಲ್ಲ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಎಂಬ ಕಾರಣಗಳಿಂದಷ್ಟೇ ಯಾವ ನಾಗರಿಕನಿಗೂ ಅಂಗಡಿ, ಸಾರ್ವಜನಿಕ ಉಪಾಹಾರಗೃಹ ಮತ್ತು ಹೋಟೆಲುಗಳ ಪ್ರವೇಶಕ್ಕೆ ಅಡ್ಡಿಯಾಗಬಾರದು ಎಂದು 15ನೇ ವಿಧಿಯ ಎರಡನೆಯ ಖಂಡದಲ್ಲಿ ಹೋಟೆಲನ್ನು ಹೆಸರಿಸಿಯೇ ಬರೆದರು. ಈ ವಿಮರ್ಶೆಯನ್ನು ಆ ಅಳತೆಯನ್ನೂ ಕೈಯಲ್ಲಿ ಹಿಡಿದು ಬರೆಯುತ್ತಿದ್ದೇನೆ.

ಮೊದಲು ಊಟದ ಮಾತು. ಮಧ್ಯಾಹ್ನದ ಮೀನಿನ ಊಟಕ್ಕೆ 120 ರೂಪಾಯಿ. ನಮ್ಮದೇ ಕಾಲುವೆ ನೀರಿನ ಸೋನಾ ಮಸೂರಿ ಅನ್ನ, ಮಸೂರ ಬೇಳೆಯ ತೆಳುವಾದ ಸಾರು, ದಿನಕ್ಕೊಂದು ಪಲ್ಯ, ಎರಡು ತುಂಡು ರೋಹು ಅಥವಾ ಕಾಟ್ಲಾ. ಮೀನಿಗೆ ಅರಿಸಿನ, ಉಪ್ಪು ಸವರಿ ಸಾಸಿವೆ ಎಣ್ಣೆಯಲ್ಲಿ ಮೊದಲು ಕರಿದು, ಆಮೇಲೆ ಸಾಸಿವೆ ಮತ್ತು ಹಸಿಮೆಣಸಿನಕಾಯಿ ಅರೆದ ರಸದಲ್ಲಿ ಬೇಯಿಸುತ್ತಾರೆ. ಸಾಸಿವೆಯ ಘಾಟು ಮೂಗಿಗೆ ಏರುತ್ತದೆ, ಆದರೆ ಅರೆಯುವಾಗ ಉಪ್ಪು ಸೇರಿಸುವುದರಿಂದ ಕಹಿ ಬರುವುದಿಲ್ಲ. ಅವಸರವಿದ್ದವರು ಇದನ್ನು ತೆಗೆದುಕೊಳ್ಳಬಾರದು, ಮುಳ್ಳು ಬಿಡಿಸುತ್ತ ನಿಧಾನವಾಗಿ ತಿನ್ನಬೇಕಾದ ಊಟವಿದು. ರೊಟ್ಟಿ ಊಟಕ್ಕೆ 90 ರೂಪಾಯಿ: ಕಣ್ಣೆದುರಿಗೇ ಬಡಿದು ಸುಟ್ಟ ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಕೊನೆಗೆ ಅನ್ನ–ಸಾರು. ಪುಂಡಿಪಲ್ಯದ ಹುಳಿ ಹದವಾಗಿದೆ. ಎಣ್ಣೆಗಾಯಿಗೆ ಎಣ್ಣೆ ಸ್ವಲ್ಪ ಹೆಚ್ಚು. ಸಾರು ಮಾತ್ರ ಮಧ್ಯಾಹ್ನ ಮೂರರ ನಂತರ ನೀರಾಗಿರುತ್ತದೆ, ಇದನ್ನು ಅವರು ತಿದ್ದಿಕೊಳ್ಳಬೇಕು.

ಸಂಜೆಯ ತಿಂಡಿಯಲ್ಲಿ ಮಂಡಕ್ಕಿ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು ನಮ್ಮ ಒಗ್ಗರಣೆ, ಜೊತೆಗೆ ಮಿರ್ಚಿ ಭಜಿ. ಇನ್ನೊಂದು ಬಂಗಾಳದ ಝಾಲ್‌ ಮುಡಿ: ಒಣ ಮಂಡಕ್ಕಿಗೆ ಹಸಿ ಸಾಸಿವೆ ಎಣ್ಣೆ, ಈರುಳ್ಳಿ, ಹಸಿಮೆಣಸು, ಶೇಂಗಾ ಕಲಸಿ ಕಾಗದದ ಪೊಟ್ಟಣದಲ್ಲಿ ಕೊಡುವುದು. ಎರಡಕ್ಕೂ ಒಂದೇ ಚೀಲದ ಮಂಡಕ್ಕಿ. ಪ್ರತಿ ಪೊಟ್ಟಣಕ್ಕೆ 20 ರೂಪಾಯಿ. ರಸಗುಲ್ಲ ಹಿಂಡಿದರೆ ಮತ್ತೆ ಉಬ್ಬುವಷ್ಟು ಮೃದುವಾಗಿದೆ. ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿಸಿದ ಸಿಹಿ ಮೊಸರು ಭಾನುವಾರ ಮಾತ್ರ.

ಈ ಹೋಟೆಲನ್ನು ನಡೆಸುವ ಕುಟುಂಬ ಸಿಂಧನೂರು ತಾಲ್ಲೂಕಿನ ಆರ್‌.ಎಚ್‌. (ಪುನರ್ವಸತಿ) ಕ್ಯಾಂಪೊಂದರದು. ದೂರದವರಿಗೆ ಇದನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಒಣಭೂಮಿ ಭತ್ತದ ಗದ್ದೆಯಾಯಿತು. ನೀರಾವರಿಯ ಅನುಭವವಿದ್ದ ಕರಾವಳಿ ಆಂಧ್ರದ ರೈತರು ಇಲ್ಲಿ ಜಮೀನು ಕೊಂಡು ನೆಲೆಸಿದರು. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತಲಿನ ಹಲವಾರು ಊರುಗಳ ಹೆಸರಿನ ಕೊನೆಗೆ ಕ್ಯಾಂಪ್‌ ಎಂದು ಇರುವುದು ಅದಕ್ಕೇ. ಆಮೇಲೆ ಪೂರ್ವ ಪಾಕಿಸ್ತಾನದಿಂದ ಎಲ್ಲವನ್ನೂ ಬಿಟ್ಟು ಓಡಿಬಂದ ಬಂಗಾಳಿ ಹಿಂದೂ ಕುಟುಂಬಗಳನ್ನು, ಅವರಲ್ಲಿ ಬಹುಪಾಲು ನಮಶೂದ್ರರೆಂಬ ದಲಿತ ಸಮುದಾಯದವರು, ಸರ್ಕಾರ ಈ ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಿಗೆ ತಂದು ಇರಿಸಿತು. ಇಂದು ಮೂರನೆಯ ಪದರವೊಂದು ಸೇರಿದೆ. ಮಿಲ್ಲಿನಲ್ಲಿ ಚೀಲ ಹೊರುವುದಕ್ಕೂ ಭತ್ತ ನಾಟಿಗೂ ಬಿಹಾರ, ಪಶ್ಚಿಮ ಬಂಗಾಳಗಳಿಂದ ಗುಂಪುಗುಂಪಾಗಿ ಕೂಲಿಕಾರರು ಬರುತ್ತಾರೆ. ಹೀಗೆ ಹೊರಗಿನವರು ಬಂದು ಊರಿನವರಾಗುವುದು, ಊರಿನವರಾದ ಮೇಲೆ ಮುಂದಿನ ಹೊರಗಿನವರನ್ನು ಅನುಮಾನದಿಂದ ನೋಡುವುದು, ನಮ್ಮಲ್ಲಿ ಎಪ್ಪತ್ತು ವರ್ಷಗಳಿಂದ ನಡೆದೇ ಇದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಕನ್ನಡ, ತೆಲುಗು, ಉರ್ದು ಮೂರನ್ನೂ ಸಂತೆಯಲ್ಲಿ ಬಳಸುತ್ತ ಬಂದ ರಾಯಚೂರು ಜಿಲ್ಲೆಯೂ ಇದಕ್ಕೆ ಹೊರತಾಗಲಿಲ್ಲ ಎನ್ನುವುದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ.

ಗಲ್ಲಾದಲ್ಲಿ ಕೂರುವ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ. ಅವರು ಹುಟ್ಟಿದ್ದು ಇಲ್ಲೇ, ಅವರ ಕನ್ನಡ ಅಚ್ಚ ಸಿಂಧನೂರಿನದು. “ಮೊದ್ಲು ಜನ ಗಾಡಿ ನಿಲ್ಸಿ, ವಾಸ್ನಿ ನೋಡಿ ಹಂಗೇ ಹೋಗಿಬಿಡ್ತಿದ್ರು ರೀ. ಈಗ ಅವರ ಮಕ್ಕಳೇ ಮೀನು ಐತೇನಕ್ಕಾ ಅಂತ ಕೇಳ್ಕೋತ ಬರ್ತಾರ,” ಎಂದರು. ವಾಸನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪರಊರಿನವರ ಮೇಲಿನ ದ್ವೇಷಕ್ಕೆ ಹೇಸಿಗೆ ಒಂದು ದೊಡ್ಡ ಬೇರು. ಅವರು ತಿನ್ನುವುದು, ಅವರು ಹಚ್ಚುವ ಎಣ್ಣೆ, ಅವರ ಬಟ್ಟೆಯ ಬೆವರು, ಇವನ್ನು ಮುಂದೊಡ್ಡಿಯೇ ಬಾಡಿಗೆ ಮನೆ ನಿರಾಕರಿಸುತ್ತೇವೆ. ಮೈಲಿಗೆಯ ಅಭ್ಯಾಸವಿರುವ ಸಮಾಜದಲ್ಲಿ ಈ ಹೇಸಿಗೆಗೆ ಸಿದ್ಧ ಹಾದಿ ಇದೆ. ಜಾತಿಯಲ್ಲಿ ಕಲಿತ ದೂರವನ್ನು ಹೊಸಬರ ಮೇಲೆ ಹೇರುವುದಕ್ಕೆ ಯಾರೂ ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಜನಾಂಗಭೇದವೆಂದರೆ ಕಪ್ಪು–ಬಿಳಿಯ ಜಗಳ, ಅದು ಬೇರೆ ದೇಶದ ಕಾಯಿಲೆ ಎಂದು ನಂಬಿಕೊಂಡವರು ನಮ್ಮ ಬಾಡಿಗೆ ಮನೆಗಳ ಷರತ್ತುಗಳನ್ನು ಒಮ್ಮೆ ಗಮನವಿಟ್ಟು ಕೇಳಬೇಕು.

ಮನುಷ್ಯರಲ್ಲಿ ಜನಾಂಗಗಳು ರಕ್ತದಿಂದಲೇ ಬೇರೆ ಎಂಬ ನಂಬಿಕೆಗೆ ವಿಜ್ಞಾನದ ಆಧಾರ ಉಳಿದಿಲ್ಲ. ಗುಲಾಮರ ವ್ಯಾಪಾರಕ್ಕೂ ವಸಾಹತು ಆಳ್ವಿಕೆಗೂ ಸಮರ್ಥನೆ ಬೇಕಾಗಿದ್ದ ಕಾಲದಲ್ಲಿ ಆ ನಂಬಿಕೆ ಬಲವಾಗಿ ಬೆಳೆಯಿತು. ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದ ಸುಮಾರು ಶೇ 85ರಷ್ಟು ಭಾಗ ಒಂದೊಂದು ಸಮುದಾಯದ ಒಳಗೇ ಇದೆ ಎಂದು ಅಮೆರಿಕದ ತಳಿವಿಜ್ಞಾನಿ ರಿಚರ್ಡ್‌ ಲೆವೊಂಟಿನ್‌ 1972ರಲ್ಲಿ ತೋರಿಸಿದರು. ಅದಕ್ಕೂ ಮೊದಲೇ, 1950ರಲ್ಲಿ, ಯುನೆಸ್ಕೊ ಕರೆದ ವಿದ್ವಾಂಸರ ಸಭೆ ಜನಾಂಗದ ಮೇಲು–ಕೀಳನ್ನು ತಿರಸ್ಕರಿಸುವ ಹೇಳಿಕೆ ಹೊರಡಿಸಿತ್ತು. ಇಷ್ಟು ತಿಳಿದ ಮೇಲೂ ದ್ವೇಷ ಹೋಗಲಿಲ್ಲ, ಏಕೆಂದರೆ ಅದು ಬರೀ ಅಜ್ಞಾನದ ಮೇಲೆ ನಿಂತಿರಲಿಲ್ಲ.

ಹೋಟೆಲಿಗೆ ಸಂಬಂಧಿಸಿದ ಒಂದು ಹಳೆಯ ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1930ರ ದಶಕದ ಆರಂಭದಲ್ಲಿ ರಿಚರ್ಡ್‌ ಲಾಪಿಯೆರ್‌ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಚೀನೀ ದಂಪತಿಯೊಂದಿಗೆ ತನ್ನ ದೇಶದ ಉದ್ದಗಲಕ್ಕೂ ಓಡಾಡಿ 251 ಹೋಟೆಲು, ವಸತಿಗೃಹಗಳಿಗೆ ಹೋದರು. ಚೀನೀಯರ ವಿರುದ್ಧ ತೀವ್ರವಾದ ದ್ವೇಷವಿದ್ದ ಕಾಲವದು. ಆದರೂ ಒಂದೇ ಒಂದು ಕಡೆ ಮಾತ್ರ ಅವರನ್ನು ಒಳಗೆ ಬಿಡಲಿಲ್ಲ. ತಿಂಗಳುಗಳ ನಂತರ ಅದೇ ಜಾಗಗಳಿಗೆ ಪತ್ರ ಬರೆದು, ಚೀನೀಯರನ್ನು ಅತಿಥಿಗಳಾಗಿ ಸ್ವೀಕರಿಸುತ್ತೀರಾ ಎಂದು ಕೇಳಿದಾಗ ಉತ್ತರಿಸಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. ಎದುರಿಗೆ ಬಂದು ನಿಂತ ಇಬ್ಬರು ಮನುಷ್ಯರಿಗೆ ಊಟ ಬಡಿಸಿದವರೇ ಚೀನೀಯರು ಎಂಬ ಗುಂಪಿಗೆ ಬಾಗಿಲು ಹಾಕಿದರು. ಸಿಂಧನೂರಿನಲ್ಲೂ ನಾನು ಇದನ್ನೇ ಕೇಳುತ್ತೇನೆ. ಈ ಅಕ್ಕನ ಬಗ್ಗೆ ಯಾರದೂ ದೂರಿಲ್ಲ. ಕ್ಯಾಂಪಿನವರು ಎಂದ ಕೂಡಲೇ ಅದೇ ಬಾಯಿಂದ ಬೇರೆ ಮಾತು ಬರುತ್ತದೆ. ಕಂಡು ಬಲ್ಲ ಒಬ್ಬ ವ್ಯಕ್ತಿಯನ್ನು ಒಳ್ಳೆಯ ಅಪವಾದವೆಂದು ಬದಿಗಿಟ್ಟು, ಗುಂಪಿನ ಬಗೆಗಿನ ತೀರ್ಮಾನವನ್ನು ಹಾಗೇ ಉಳಿಸಿಕೊಳ್ಳುವುದು ಬಹಳ ಸುಲಭ.

ಗುಂಪಿನ ಬಗೆಗಿನ ಈ ತೀರ್ಮಾನಕ್ಕೆ ವದಂತಿ ಸೇರಿದರೆ ಏನಾಗುತ್ತದೆ ಎನ್ನುವುದನ್ನು ಕಲ್ಯಾಣ ಕರ್ನಾಟಕ ಕಣ್ಣಾರೆ ಕಂಡಿದೆ. 2018ರ ಜುಲೈನಲ್ಲಿ ಬೀದರ್‌ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್‌ ಕೊಟ್ಟರೆಂಬ ಕಾರಣಕ್ಕೆ ಮಕ್ಕಳ ಕಳ್ಳರೆಂದು ಸಂಶಯಪಟ್ಟು ಜನ ಹೈದರಾಬಾದ್‌ ಕಡೆಯಿಂದ ಬಂದವರ ಕಾರನ್ನು ತಡೆದು ಹೊಡೆದರು, ಒಬ್ಬ ಯುವಕ ಸತ್ತ. ಮೊಬೈಲಿನಲ್ಲಿ ಹರಿದಾಡಿದ ಸಂದೇಶವೇ ಜನರನ್ನು ಸೇರಿಸಿತ್ತು. ಅದೇ ತಿಂಗಳು ವಾಟ್ಸ್ಆ್ಯಪ್‌ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿಯನ್ನು ಪ್ರಕಟಿಸಿತು. ಅದಕ್ಕೂ ಮೊದಲು 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗಲಿದೆ ಎಂಬ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದ್ದರು. ಈ ಹೋಟೆಲಿನ ಗೋಡೆಯ ಮೇಲೆ ಟಿ.ವಿ. ಇಲ್ಲದಿರುವುದು ನನಗೆ ಸಮಾಧಾನ ತಂದಿತು. ಜನ ಊಟ ಮಾಡುತ್ತ ಮಾತಾಡಿಕೊಳ್ಳುತ್ತಾರೆ, ಮಾತು ಭತ್ತದ ದರ, ಕಾಲುವೆಗೆ ನೀರು ಬಿಡುವ ದಿನಾಂಕಗಳ ಸುತ್ತ ಇರುತ್ತದೆ.

ಇನ್ನು ಕೂರುವ ಜಾಗ. ಮುಂದಿನ ಕೋಣೆಯಲ್ಲಿ ಕಡಪಾ ಕಲ್ಲಿನ ನಾಲ್ಕು ಉದ್ದನೆಯ ಮೇಜುಗಳು, ಎರಡೂ ಬದಿಗೆ ಬೆಂಚು. ಬೇರೆ ಫ್ಯಾಮಿಲಿ ರೂಮ್‌ ಇಲ್ಲ. ಜಾಗ ಖಾಲಿ ಇದ್ದಲ್ಲಿ ಕೂರಬೇಕು. ಆದ್ದರಿಂದ ಮೀನಿನ ತಟ್ಟೆಯ ಪಕ್ಕದಲ್ಲೇ ರೊಟ್ಟಿಯ ತಟ್ಟೆ, ಆಂಧ್ರ ಕ್ಯಾಂಪಿನ ರೈತರ ಎದುರಿಗೆ ಮಸ್ಕಿ ಕಡೆಯ ಲಾರಿ ಚಾಲಕರು. ತಟ್ಟೆಯೂ ಲೋಟವೂ ಎಲ್ಲರಿಗೂ ಒಂದೇ ಬಗೆಯವು. ಇದನ್ನು ನೋಡಿದವರು ಕೂಡಿ ಉಂಡರೆ ದ್ವೇಷ ಹೋಗುತ್ತದೆ ಎಂದು ಸಲೀಸಾಗಿ ಹೇಳಿಬಿಡಬಹುದು. ಅಷ್ಟು ಸಲೀಸಲ್ಲ ಎನ್ನುವುದಕ್ಕೆ ಗಟ್ಟಿ ಸಾಕ್ಷ್ಯವಿದೆ. 1954ರ ಬೇಸಿಗೆಯಲ್ಲಿ ಮುಜಫರ್‌ ಶರೀಫ್‌ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಒಕ್ಲಹಾಮಾದಲ್ಲಿ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಹನ್ನೊಂದು ವರ್ಷದ ಆಸುಪಾಸಿನ 22 ಹುಡುಗರನ್ನು ಎರಡು ಗುಂಪು ಮಾಡಿ ಶಿಬಿರದಲ್ಲಿ ಇರಿಸಿದರು. ಬಹುಮಾನಕ್ಕಾಗಿ ಸ್ಪರ್ಧೆ ಹಚ್ಚಿದ ಕೆಲವೇ ದಿನಗಳಲ್ಲಿ ಅವರು ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಡುವಷ್ಟು ವೈರಿಗಳಾದರು. ಆಗ ಎರಡೂ ಗುಂಪನ್ನು ಒಂದೇ ಊಟದ ಕೋಣೆಯಲ್ಲಿ ಕೂರಿಸಿದಾಗ ಅವರು ಅನ್ನ–ಪದಾರ್ಥವನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು. ದ್ವೇಷ ಇಳಿದದ್ದು, ಶಿಬಿರದ ನೀರಿನ ಸರಬರಾಜು ನಿಂತಾಗ ಎಲ್ಲರೂ ಸೇರಿ ಹುಡುಕಬೇಕಾಗಿ ಬಂದ ಮೇಲೆ, ಊಟ ತರುವ ಲಾರಿ ಕೆಟ್ಟು ನಿಂತಾಗ ಎರಡೂ ಗುಂಪು ಒಂದೇ ಹಗ್ಗ ಹಿಡಿದು ಎಳೆದ ಮೇಲೆ.

ಅದೇ ವರ್ಷ ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್‌ ಆಲ್‌ಪೋರ್ಟ್‌ ಈ ವಿಷಯವನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಿದರು. ಭೇಟಿಯಿಂದ ಪೂರ್ವಗ್ರಹ ಕರಗಬೇಕಾದರೆ ಇಬ್ಬರ ಸ್ಥಾನವೂ ಸಮನಾಗಿರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಕಾನೂನು ಮತ್ತು ಹಿರಿಯರ ಬೆಂಬಲ ಇರಬೇಕು. 500ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಥಾಮಸ್‌ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್‌ 2006ರಲ್ಲಿ, ಈ ಷರತ್ತುಗಳು ಪೂರ್ತಿ ಇಲ್ಲದಿದ್ದರೂ ಭೇಟಿಯಿಂದ ಒಳಿತೇ ಆಗುತ್ತದೆ, ಇದ್ದರೆ ಹೆಚ್ಚು ಆಗುತ್ತದೆ ಎಂದು ಕಂಡುಕೊಂಡರು. ಆದ್ದರಿಂದ ಈ ಹೋಟೆಲಿನ ಮೇಜಿಗಿಂತ ಅಡುಗೆಮನೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ತಾಯಿ ಹತ್ತಿರದ ಹಳ್ಳಿಯವರು. ಅವರು ಸಂಬಳಕ್ಕಿಲ್ಲ, ಪಾಲುದಾರರು. 2020ರ ಲಾಕ್‌ಡೌನ್‌ ಮುಗಿದಾಗ ಅಕ್ಕನಿಗೆ ಶೆಡ್ಡಿನ ಬಾಡಿಗೆ ಕಟ್ಟಲಾಗಲಿಲ್ಲ. ಮನೆಮನೆಗೆ ರೊಟ್ಟಿ ಕೊಡುತ್ತಿದ್ದ ಈ ತಾಯಿಗೆ ಗಿರಾಕಿಗಳಿದ್ದರು, ಜಾಗವಿರಲಿಲ್ಲ. ಇಬ್ಬರೂ ಬಾಡಿಗೆ ಹಂಚಿಕೊಂಡರು. ರೊಟ್ಟಿ ಊಟದ ಲಾಭ ಒಬ್ಬರಿಗೆ, ಮೀನಿನ ಊಟದ್ದು ಇನ್ನೊಬ್ಬರಿಗೆ, ಸಂಜೆಯ ತಿಂಡಿಯದು ಸಮಪಾಲು. “ಪ್ರೀತಿ–ಗೀತಿ ಏನಿರಲಿಲ್ರಿ ಆಗ, ಬಾಡಿಗಿ ಚಿಂತಿ ಇತ್ತು. ಒಂದ ಒಲಿ ಮುಂದ ನಿಂತು ನಿಂತು ಹೊಂದಿಕೊಂಡಿವಿ,” ಎಂದು ಆ ತಾಯಿ ಹೇಳಿದರು. ಈಗ ಅಕ್ಕನ ಮಗಳ ಬಾಣಂತನಕ್ಕೆ ಅಂಟಿನುಂಡೆ ಇವರ ಮನೆಯಿಂದ ಹೋಗುತ್ತದೆ, ಇವರ ಮಗನ ಕಾಲೇಜಿನ ಫೀಸಿಗೆ ಕೈಗಡ ಅಲ್ಲಿಂದ ಬರುತ್ತದೆ. ಒಬ್ಬರ ಲೆಕ್ಕ ತಪ್ಪಿದರೆ ಇನ್ನೊಬ್ಬರಿಗೆ ನಷ್ಟ, ಯಾರೂ ಯಾರ ಕೈಕೆಳಗಿಲ್ಲ. ಸೌಹಾರ್ದ ಸಮಾವೇಶಗಳಲ್ಲಿ ವೇದಿಕೆಯ ಮೇಲೆ ಎಲ್ಲ ಸಮುದಾಯದವರನ್ನೂ ಸಾಲಾಗಿ ಕೂರಿಸಿ ಹಾರ ಹಾಕುವುದಕ್ಕಿಂತ ಹೆಚ್ಚು ಕೆಲಸವನ್ನು ಇಂಥ ಪಾಲುದಾರಿಕೆ ಮಾಡುತ್ತದೆ ಎಂದು ನಾನು ನಂಬುತ್ತೇನೆ. ಸ್ವಸಹಾಯ ಸಂಘ, ಹಾಲಿನ ಡೇರಿ, ನೀರು ಬಳಕೆದಾರರ ಸಂಘಗಳಲ್ಲಿ ಕ್ಯಾಂಪಿನವರು, ಹಳ್ಳಿಯವರು ಬೇರೆ ಬೇರೆ ಗುಂಪು ಕಟ್ಟಿಕೊಳ್ಳುವುದನ್ನು ಬಿಟ್ಟು ಒಂದೇ ಸಂಘದಲ್ಲಿ ಸಮನಾಗಿ ಕೂರುವಂತೆ ಮಾಡುವುದು ಸಾಧ್ಯವಿದೆ, ಅದಕ್ಕೆ ಹೊಸ ಯೋಜನೆಯೂ ಬೇಕಿಲ್ಲ.

ಉದ್ರಿಯ ಕ್ರಮವೂ ಮೆಚ್ಚುವಂಥದು. ಉದ್ರಿ ಇದೆ, ಮಿತಿ ಎಲ್ಲರಿಗೂ ಒಂದೇ: ಒಂದು ಸಾವಿರ ರೂಪಾಯಿ. ಊರಿನವರಿಗೆ ಹೆಚ್ಚು, ಪರರಾಜ್ಯದವರಿಗೆ ನಗದು ಎಂಬ ಭೇದವಿಲ್ಲ. “ಊರು ಬಿಟ್ಟು ಓಡಿಹೋದ್ರ?” ಎಂದು ಕೇಳಿದೆ. “ಓಡಿಹೋದವ್ರು ಊರಾಗಿನವ್ರೂ ಅದಾರ ರೀ,” ಎಂದರು ಅಕ್ಕ. ಗೊತ್ತುಗುರಿಯಿಲ್ಲದವನಿಗೆ ಸಾಲ ಕೊಡಬಾರದು ಎನ್ನುವುದು ವ್ಯಾಪಾರದ ಸಹಜ ಎಚ್ಚರಿಕೆ. ಆದರೆ ಆ ಎಚ್ಚರಿಕೆಯನ್ನು ಅವನ ನುಡಿ, ಮುಖ ನೋಡಿ ಅಲ್ಲದೆ ಅವನ ಲೆಕ್ಕ ನೋಡಿ ತೀರ್ಮಾನಿಸುವವರು ಎಷ್ಟು ಜನ? ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್‌ 1970ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾ ಹುಡುಗರನ್ನು, ಪರದೆಯ ಮೇಲಿನ ಚುಕ್ಕಿಗಳನ್ನು ಹೆಚ್ಚಾಗಿ ಎಣಿಸಿದರೋ ಕಡಿಮೆಯಾಗಿ ಎಣಿಸಿದರೋ ಎಂಬಂಥ ಅರ್ಥವಿಲ್ಲದ ನೆಪದಲ್ಲಿ ಎರಡು ಗುಂಪು ಮಾಡಿದಾಗ, ತಮ್ಮ ಗುಂಪಿನವರ ಮುಖವನ್ನೇ ನೋಡದ ಆ ಹುಡುಗರು ಹಣ ಹಂಚುವಾಗ ತಮ್ಮವರಿಗೇ ಹೆಚ್ಚು ಕೊಟ್ಟರು. ಅದಕ್ಕಿಂತ ಕಳವಳದ ಸಂಗತಿಯೆಂದರೆ, ತಮ್ಮವರಿಗೆ ಸ್ವಲ್ಪ ಕಡಿಮೆ ಬಂದರೂ ಸರಿ, ಎದುರು ಗುಂಪಿಗೂ ತಮಗೂ ಇರುವ ಅಂತರ ದೊಡ್ಡದಾಗಲಿ ಎಂದು ಬಯಸಿದರು. ಗುಂಪು ಮಾಡಿಕೊಳ್ಳುವುದು ಮನಸ್ಸಿನ ಹಳೆಯ ಚಾಳಿ. ಅದನ್ನು ಬೇರುಸಹಿತ ಕೀಳುವುದು ಆಗದಿದ್ದರೂ, ಹಣ, ಜಾಗ ಮತ್ತು ಅವಕಾಶ ಹಂಚುವ ಕಡೆ ನಿಯಮವನ್ನು ಮೊದಲೇ ಬರೆದಿಟ್ಟರೆ ಆ ಚಾಳಿಗೆ ಕೈ ಹಾಕಲು ಎಡೆ ಸಿಗುವುದಿಲ್ಲ. ಗಲ್ಲಾದ ಹಿಂದೆ ಗೋಡೆಗೆ ಅಂಟಿಸಿದ ಆ ಒಂದು ಸಾವಿರದ ಚೀಟಿ ಮಾಡುತ್ತಿರುವ ಕೆಲಸ ಅದು.

ಈಗ ಹೋಟೆಲಿನ ದೊಡ್ಡ ಕೊರತೆಗೆ ಬರಬೇಕು. ಹಿಂಬದಿಯಲ್ಲಿ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕ, ಇನ್ನೊಂದು ಚಿಕ್ಕ ಶೆಡ್‌ ಇದೆ. ಮಿಲ್ಲಿನ ಬಿಹಾರಿ ಹಮಾಲಿಗಳು ಮಧ್ಯಾಹ್ನ ಅಲ್ಲೇ ಕೂತು ಊಟ ಮಾಡುತ್ತಾರೆ. ಊಟ ಅದೇ, ದರ ಅದೇ, ಆದರೆ ಫ್ಯಾನ್‌ ಇಲ್ಲ, ಬೆಂಚಿಲ್ಲ, ನೆಲವೇ ಗತಿ. ಕೇಳಿದಾಗ ಅಕ್ಕ ಮುಜುಗರದಿಂದಲೇ ಉತ್ತರಿಸಿದರು: ಮೈಮೇಲಿನ ತೌಡು, ಧೂಳಿನಿಂದಾಗಿ ಮುಂದೆ ಕೂತ ಗಿರಾಕಿಗಳು ಗೊಣಗುತ್ತಾರೆ, ಹಮಾಲಿಗಳೂ ತಾವಾಗಿಯೇ ಹಿಂದೆ ಹೋಗುತ್ತಾರೆ. ಎರಡನೆಯ ಮಾತನ್ನು ನಾನು ಒಪ್ಪಲಾರೆ. ಮುಂದೆ ಕೂತರೆ ಯಾರಾದರೂ ಎದ್ದುಹೋದಾರೆಂದು ಗೊತ್ತಿರುವ ಮನುಷ್ಯ ತಾನಾಗಿ ಹಿಂದೆ ಹೋಗುವುದನ್ನು ಇಷ್ಟ ಎನ್ನಲಾಗದು. ಭತ್ತದ ಧೂಳು ಮೆತ್ತಿಕೊಂಡು ಬರುವ ಊರಿನ ರೈತರು ಮುಂದಿನ ಬೆಂಚಿನಲ್ಲೇ ಕೂರುವುದನ್ನು ನಾನು ಕಂಡಿದ್ದೇನೆ. ವಾಸನೆಯ ನೆಪದಲ್ಲಿ ದೂರ ಇಡಿಸಿಕೊಂಡ ಕುಟುಂಬವೊಂದು ಧೂಳಿನ ನೆಪವನ್ನು ಒಪ್ಪಿಕೊಂಡಿರುವುದು ನನಗೆ ನೋವು ತಂದ ಸಂಗತಿ.

ನಮ್ಮ ಭಾಗದಲ್ಲಿ ಇದು ಸಣ್ಣ ಮಾತಾಗಿ ಉಳಿಯುವುದಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳ ಪ್ರವೇಶವನ್ನು ದಲಿತರಿಗೆ ನಿರಾಕರಿಸಿದ ತಕರಾರು ಬೆಳೆದು, 2014ರ ಆಗಸ್ಟ್‌ನಲ್ಲಿ ಅವರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಮೇಲ್ಮನವಿಗೆ ಹೋಯಿತು. ಅಮೆರಿಕದ ಗ್ರೀನ್ಸ್‌ಬರೊದಲ್ಲಿ 1960ರ ಫೆಬ್ರುವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾಗಿದ್ದ ಊಟದ ಕಟ್ಟೆಯಲ್ಲಿ ಕೂತು, ಬಡಿಸದಿದ್ದರೂ ಏಳದೆ ಉಳಿದರು. ಆ ಚಳವಳಿ ಊರೂರಿಗೆ ಹಬ್ಬಿತು, 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲುಗಳಲ್ಲಿನ ಭೇದವನ್ನು ನಿಷೇಧಿಸಿತು. ಭೇಟಿ, ಪಾಲುದಾರಿಕೆ, ಒಳ್ಳೆಯ ಮನಸ್ಸು ಇವೆಲ್ಲ ಕೆಲಸ ಮಾಡುವುದು ಕಾನೂನು ಹಿಂದೆ ನಿಂತಾಗ. ನಮ್ಮಲ್ಲಿ ಕಾನೂನು 1950ರಿಂದಲೇ ಇದೆ, ಅದನ್ನು ಹೋಟೆಲಿನ ಬೆಂಚಿನವರೆಗೆ ತರುವ ಕೆಲಸ ಉಳಿದಿದೆ.

ಹಮಾಲಿಗಳ ಮೇಲಿನ ಸಿಟ್ಟಿಗೆ ಕೂಲಿಯ ಚಿಂತೆಯೂ ಕಾರಣ, ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕವಾಗುತ್ತದೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಹಿರಿಯರು, “ಇವರು ಗುತ್ತಿಗಿಗೆ ನಾಟಿ ಹಿಡೀತಾರ, ನಮ್ಮ ಹೆಣ್ಮಕ್ಕಳಿಗೆ ಕೂಲಿ ಎಲ್ಲಿಂದ ಬರಬೇಕ್ರಿ ತಮ್ಮಾ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಆದರೆ ಎಕರೆಗೆ ಇಷ್ಟು ಎಂದು ದರ ಕಟ್ಟುವವನು ಜಮೀನಿನ ಮಾಲೀಕ, ಅದರಲ್ಲಿ ಕಮಿಷನ್‌ ಮುರಿದುಕೊಳ್ಳುವವನು ಮೇಸ್ತ್ರಿ. ಕಡಿಮೆ ಕೂಲಿಗೆ ಒಪ್ಪುವವನು ಸಾಲದ ಮುಂಗಡ ಪಡೆದು, ಮರಳಿ ಹೋಗಲು ರೈಲಿನ ಖರ್ಚೂ ಇಲ್ಲದೆ ಒಪ್ಪಿರುತ್ತಾನೆ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಸ್ಥಳೀಯರಷ್ಟೇ ಕೂಲಿ ಕೊಡಬೇಕೆಂದು 1979ರ ಕಾಯ್ದೆ ಹೇಳಿತ್ತು. ಆ ಸಮಾನ ಕೂಲಿ ನಿಜವಾಗಿ ಕೈಗೆ ಬಂದರೆ ಊರಿನ ಹೆಣ್ಣುಮಕ್ಕಳ ಕೂಲಿಯೂ ಉಳಿಯುತ್ತದೆ, ಬಿಹಾರದ ಹುಡುಗನ ಮೇಲಿನ ಸಿಟ್ಟಿಗೆ ಇರುವ ಬಲವಾದ ಕಾರಣವೂ ಹೋಗುತ್ತದೆ. ಸಿಟ್ಟು ಮೇಲಿನವರ ಕಡೆಗೆ ಹೋಗಲಾರದೆ ಪಕ್ಕದ ಬಡವನ ಮೇಲೆ ಬೀಳುತ್ತಿದೆ.

ನಾವೂ ಗುಳೆ ಹೋಗುವ ಜಿಲ್ಲೆಯವರು. ಮಳೆ ಕೈಕೊಟ್ಟ ವರ್ಷ ಲಿಂಗಸುಗೂರು, ದೇವದುರ್ಗ, ಕುಷ್ಟಗಿಯ ಬಸ್‌ ನಿಲ್ದಾಣಗಳಲ್ಲಿ ಗಂಟುಮೂಟೆ, ಕೈಕೂಸುಗಳೊಡನೆ ಬೆಂಗಳೂರು, ಗೋವಾ, ಪುಣೆಯ ಬಸ್ಸಿಗೆ ಕಾಯುವವರನ್ನು ನೋಡದವರು ಇಲ್ಲಿ ಯಾರೂ ಇಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಶೆಡ್ಡುಗಳನ್ನು, ಅಲ್ಲಿರುವವರು ಬಾಂಗ್ಲಾದೇಶದವರೆಂಬ ಶಂಕೆಯ ಮೇಲೆ ಕೆಡವಲಾಯಿತು. ಅಲ್ಲಿ ಇದ್ದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಗುರುತಿನ ಚೀಟಿ ಹಿಡಿದು ತಾವು ಇದೇ ನಾಡಿನವರೆಂದು ಹೇಳಿಕೊಳ್ಳಬೇಕಾದ ಸ್ಥಿತಿ ಅವರಿಗೆ ಬಂತು. ಹೈಕೋರ್ಟ್‌ ಮಧ್ಯಪ್ರವೇಶಿಸಬೇಕಾಯಿತು. ಇದನ್ನು ಆ ಹಿರಿಯರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಅಳಿಯನೂ ಗೋವಾದಲ್ಲಿ ಗಾರೆ ಕೆಲಸಕ್ಕಿದ್ದಾನೆ, ಅಲ್ಲಿ ಅವನಿಗೆ ರೂಮು ಸಿಗಲು ಬಹಳ ಕಷ್ಟವಾಯಿತು ಎಂದರು. ಹಮಾಲಿಗಳ ಬಗೆಗಿನ ತಮ್ಮ ಅಭಿಪ್ರಾಯ ಬದಲಾಯಿತೆಂದು ಅವರೇನೂ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಹೋಗುವವರಿಗೆ ಬೇಕಾಗುವ ಕೆಲವು ವಿವರಗಳನ್ನು ಹೇಳುತ್ತೇನೆ. ಊಟ ಮಧ್ಯಾಹ್ನ 12ರಿಂದ 3.30, ತಿಂಡಿ ಸಂಜೆ 5ರಿಂದ 8. ಭಾನುವಾರ ಮೀನು ಒಂದೂವರೆಗೆಲ್ಲ ಮುಗಿಯುತ್ತದೆ, ಬೇಗ ಹೋಗಬೇಕು. ಅಡುಗೆಮನೆ ತೆರೆದೇ ಇರುವುದರಿಂದ ಶುಚಿಯನ್ನು ಯಾರು ಬೇಕಾದರೂ ನೋಡಬಹುದು. ಪಾತ್ರೆಗಳನ್ನು ಬಿಸಿನೀರಿನಲ್ಲಿ ತೊಳೆಯುತ್ತಾರೆ. ಸಸ್ಯಾಹಾರಿಗಳಿಗೆ ಬಾಣಲೆ, ಸೌಟು, ಎಣ್ಣೆ ಬೇರೆಯೇ ಇವೆ, ಕೇಳಿದರೆ ತೋರಿಸುತ್ತಾರೆ. ಕುಡಿಯುವ ನೀರು ಶುದ್ಧೀಕರಣ ಘಟಕದ ಕ್ಯಾನಿನದು. ಶೌಚಾಲಯವಿದೆ, ಆದರೆ ಬಾಗಿಲಿನ ಚಿಲಕ ಸರಿಯಿಲ್ಲ, ಹೆಣ್ಣುಮಕ್ಕಳಿಗೆ ಇದು ತೊಂದರೆ. ಮೊಬೈಲ್‌ ಪಾವತಿ ನಡೆಯುತ್ತದೆ. ಲಾರಿ ನಿಲ್ಲಿಸಲು ಜಾಗ ಧಾರಾಳವಾಗಿದೆ.

ಊಟಕ್ಕೆ ಐದರಲ್ಲಿ ನಾಲ್ಕೂವರೆ ಅಂಕ, ದರಕ್ಕೆ ಐದು, ಕೂರುವ ಜಾಗಕ್ಕೆ ಎರಡು. ಮುಂದಿನ ಕೋಣೆಯ ಗೋಡೆಯನ್ನು ಹಿಂದಕ್ಕೆ ಸರಿಸಿ ಇನ್ನೆರಡು ಮೇಜು ಹಾಕಿ, ಕೈಕಾಲು ತೊಳೆಯಲು ಬಾಗಿಲ ಬಳಿಯೇ ನಲ್ಲಿ ಹಾಕಿಸಿದರೆ ಧೂಳಿನ ಮಾತಿಗೂ ಪರಿಹಾರ ಸಿಗುತ್ತದೆ ಎಂದು ಅಕ್ಕನಿಗೂ ರೊಟ್ಟಿಯ ತಾಯಿಗೂ ಹೇಳಿ ಬಂದಿದ್ದೇನೆ. ನಲ್ಲಿಯ ಖರ್ಚು ಎಷ್ಟಾಗುತ್ತದೆ ಎಂದು ಅವರು ಆಗಲೇ ಲೆಕ್ಕ ಹಾಕತೊಡಗಿದ್ದರು. ಅಲ್ಲಿಯವರೆಗೆ ನೀವು ಹೋದಾಗ ಮುಂದಿನ ಬೆಂಚಿನಲ್ಲಿ ಜಾಗವಿದ್ದು, ಹಿಂದಿನ ಶೆಡ್ಡಿಗೆ ಯಾರಾದರೂ ತಟ್ಟೆ ಹಿಡಿದು ಹೊರಟಿದ್ದರೆ, ಸ್ವಲ್ಪ ಸರಿದು ಕೂತು ಅವರನ್ನು ಕರೆಯಿರಿ.